ಪಿಎಚ್.ಡಿ.ಯ ಮೊದಲ ಮೆಟ್ಟಿಲು: ಆಕರಗಳ ಹುಡುಕಾಟ

ಪಿಎಚ್.ಡಿ.ಗೆ ನೋಂದಣಿಯಾದ ವಿದ್ಯಾರ್ಥಿಗೆ ಮೊದಲು ಎದುರಾಗುವ ಕೆಲಸ ಪೂರ್ವಾಧ್ಯಯನಗಳ ಪರಿಶೀಲನೆ. ವಿಷಯದ ಮೇಲೆ ಈಗಾಗಲೇ ಯಾರು ಏನು ಬರೆದಿದ್ದಾರೆ, ಯಾವುದು ಇತ್ಯರ್ಥವಾಗಿದೆ, ಯಾವುದು ಬಾಕಿ ಉಳಿದಿದೆ ಎಂಬುದು ತಿಳಿಯದೆ ಹೊಸ ಪ್ರಶ್ನೆ ಕೇಳಲಾಗದು. ಬರಹಗಳನ್ನು ಹುಡುಕುವುದು ಇದರ ಒಂದು ಭಾಗ. ಸಿಕ್ಕಿದ್ದನ್ನು ಎಷ್ಟು ನಂಬಬಹುದೆಂದು ತೂಗಿ ನೋಡುವುದು ಇನ್ನೊಂದು. ಎರಡರ ದಾರಿಯೂ ವಿಷಯಕ್ಕೆ ತಕ್ಕಂತೆ ಬದಲಾಗುತ್ತದೆ. ಅಕ್ಕಪಕ್ಕದ ಮಣಿಪಾಲ ಮತ್ತು ಉಡುಪಿಯಲ್ಲೇ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಮಣಿಪಾಲದ ವೈದ್ಯಕೀಯ ಸಂಶೋಧಕರಿಗೆ ದಾರಿ ಬಹುಮಟ್ಟಿಗೆ ಸಿದ್ಧವಾಗಿದೆ. ಮಲೆನಾಡಿನ ಮಂಗನ ಕಾಯಿಲೆಯನ್ನೇ ನೋಡಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗದ ಬಗೆಗಿನ ಲೇಖನಗಳಲ್ಲಿ ಕೆಲವು ಕ್ಯಾಸನೂರು ಫಾರೆಸ್ಟ್ ಡಿಸೀಸ್ ಎಂದರೆ, ಕೆಲವು ಕೆಎಫ್‌ಡಿ ಅಥವಾ ಮಂಕಿ ಫೀವರ್ ಎನ್ನುತ್ತವೆ. ಪಬ್‌ಮೆಡ್ ದತ್ತಾಂಶ ಕೋಶ ಇವಕ್ಕೆಲ್ಲ ಒಂದೇ ವಿಷಯಸೂಚಿ ಪದವನ್ನು ಅಂಟಿಸುತ್ತದೆ. ಇನ್ನೂ ಸೂಚಿಗೆ ಸೇರದ ಹೊಸ ಲೇಖನ ತಪ್ಪಿಹೋಗಬಾರದೆಂದು ಉಳಿದ ಹೆಸರುಗಳನ್ನೂ ಹುಡುಕುವ ಸಾಲಿಗೆ ಸೇರಿಸುವುದು ವಾಡಿಕೆ. ವ್ಯವಸ್ಥಿತ ಸಮೀಕ್ಷೆಯಾದರೆ ಎಷ್ಟು ಲೇಖನ ಸಿಕ್ಕವು, ಯಾವ ಕಾರಣಕ್ಕೆ ಎಷ್ಟನ್ನು ಕೈಬಿಡಲಾಯಿತು ಎಂಬ ಲೆಕ್ಕವನ್ನೂ ಕೊಡಬೇಕಾಗುತ್ತದೆ. 2020ರಲ್ಲಿ ಪರಿಷ್ಕೃತವಾದ ಪ್ರಿಸ್ಮಾ ಮಾರ್ಗಸೂಚಿಯ 27 ಅಂಶಗಳಲ್ಲಿ ಇದೂ ಸೇರಿದೆ.

ಉಡುಪಿ ಜಿಲ್ಲೆಯ ಕಾರ್ಕಳವನ್ನು ಆಳಿದ ಭೈರರಸರ ಮೇಲೆ ಸಂಶೋಧನೆ ಮಾಡುವವರಿಗೆ ಇಂಥ ಅನುಕೂಲವಿಲ್ಲ. ಇಲ್ಲಿ ಊರ ಹೆಸರೇ ಮೊದಲ ತೊಡಕು. ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಹಿಂದಿನ ಬರಹ ದಕ್ಷಿಣ ಕನ್ನಡದ ಹೆಸರಿನಲ್ಲಿದೆ. 1956ರವರೆಗೆ ಈ ಪ್ರದೇಶ ಮದರಾಸಿಗೆ ಸೇರಿದ್ದರಿಂದ ಹಳೆಯ ವರದಿಗಳು ಸೌತ್ ಕೆನರಾ ಎಂಬ ತಲೆಬರಹದಡಿ ಕೂತಿವೆ. ಕಾಪುವಿನ ತಾಮ್ರಶಾಸನ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚಾಗಿರುವುದು ‘ಕಾಪ್’ ಎಂದು. ಇಂಗ್ಲಿಷ್ ಬರಹಗಳಲ್ಲಿ ಅದೇ ಊರು ‘ಕೌಪ್’ ಆಗುತ್ತದೆ. ಕರ್ನಾಟಕದ ಶಾಸನವೆಂದು ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳನ್ನಷ್ಟೇ ತಿರುವಿ ಹಾಕಿದರೂ ಕರಾವಳಿ ಕೈತಪ್ಪುತ್ತದೆ. ಅವು ಮೈಸೂರು ಸಂಸ್ಥಾನ ಮತ್ತು ಕೊಡಗಿಗೆ ಸೀಮಿತ. ಕರಾವಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟಗಳನ್ನು ನೋಡಬೇಕು.

ಯುಜಿಸಿಯ 2009ರ ನಿಯಮದಿಂದ ಬಲಗೊಂಡ ಶೋಧಗಂಗಾ ತಾಣ ದೇಶದ ಮಹಾಪ್ರಬಂಧಗಳನ್ನು ಒಂದೆಡೆ ತಂದಿದೆ. ಆದರೆ ಕನ್ನಡದ ಪ್ರಬಂಧ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿದ್ದರೆ, ಇಲ್ಲವೇ ಸ್ಕ್ಯಾನ್ ಮಾಡಿದ ಪುಟಗಳ ರೂಪದಲ್ಲಿದ್ದರೆ, ಒಳಗಿನ ಪದ ಹುಡುಕಾಟಕ್ಕೆ ಸಿಗುವುದಿಲ್ಲ. ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಯಾರು ಹೇಗೆ ಟೈಪಿಸಿದ್ದಾರೆಂದು ಊಹಿಸಬೇಕು. ಹೀಗಾಗಿ ಈ ಕ್ಷೇತ್ರದಲ್ಲಿ ಪುಸ್ತಕದ ಅಡಿಟಿಪ್ಪಣಿಯೇ ಹೆಚ್ಚು ಭರವಸೆಯ ದಾರಿ. ಕೆ.ವಿ. ರಮೇಶರ 1970ರ ದಕ್ಷಿಣ ಕನ್ನಡ ಇತಿಹಾಸ ಗ್ರಂಥ ಮತ್ತು ಪಿ. ಗುರುರಾಜ ಭಟ್ಟರ 1975ರ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಅಂಡ್ ಕಲ್ಚರ್’ ಇಲ್ಲಿ ಬೇರು. ತುಳು ಪದಗಳಿಗೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಪ್ರಕಟಿಸಿದ ಆರು ಸಂಪುಟಗಳ ತುಳು ನಿಘಂಟು ಇದೆ.

ಸಿಕ್ಕ ಬರಹವನ್ನು ತೂಗುವ ಬಗೆಗೆ ಕಾರ್ಕಳದ ಬಾಹುಬಲಿಯೇ ಉದಾಹರಣೆ. ಭೈರರಸ ವೀರಪಾಂಡ್ಯ ಈ ಮೂರ್ತಿಯನ್ನು ನಿಲ್ಲಿಸಿದ್ದು ಶಕ 1353ರಲ್ಲಿ ಎಂದು ಅಲ್ಲಿನ ಶಾಸನ ಹೇಳುತ್ತದೆ. ಶಕಕ್ಕೆ 78 ಕೂಡಿಸುವ ರೂಢಿಯಂತೆ 1431 ಎಂದು ಬರೆದುಬಿಡುವುದು ಸುಲಭ. ಆದರೆ ಶಾಸನದ ತಿಂಗಳು ಫಾಲ್ಗುಣ. ಶಕವರ್ಷದ ಆ ಕೊನೆಯ ತಿಂಗಳು ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಸಂವತ್ಸರ ವಿರೋಧಿಕೃತ್, ತಿಥಿ ಶುದ್ಧ ದ್ವಾದಶಿ, ವಾರ ಬುಧವಾರ: ಇವೆಲ್ಲ ತಾಳೆಯಾಗುವುದು 1432ರ ಫೆಬ್ರುವರಿ 13ಕ್ಕೆ. ಅದೇ ಊರಿನ ಚತುರ್ಮುಖ ಬಸದಿಯ ಶಾಸನ ಶಕ 1508ರ ಚೈತ್ರದ್ದು. ಅಲ್ಲಿ 78 ಕೂಡಿಸಿದರೆ ಸರಿಯಾಗಿ 1586 ಬರುತ್ತದೆ. ಶಾಸನತಜ್ಞ ಇ. ಹುಲ್ಷ್ ಬಾಹುಬಲಿ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದ ಏಳನೆಯ ಸಂಪುಟದಲ್ಲಿ ಸಂಪಾದಿಸಿ ಶತಮಾನ ದಾಟಿದೆ. ಆ ಪಾಠವನ್ನು ನೋಡದೆ ಹತ್ತು ಲೇಖನಗಳು ಒಂದೇ ವರ್ಷ ಹೇಳಿದರೂ ಹತ್ತೂ ಒಂದನ್ನೇ ನಕಲು ಮಾಡಿದ್ದರೆ ಸಾಕ್ಷಿ ಒಂದೇ. ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂಬ ಗೂಗಲ್ ಸ್ಕಾಲರ್‌ನ ಅಂಕಿ ಈ ಭೇದವನ್ನು ತೋರಿಸುವುದಿಲ್ಲ.

ಪತ್ರಿಕೆಯ ಹೆಸರೂ ಪೂರ್ತಿ ಆಸರೆಯಲ್ಲ. ಹಣ ಪಡೆದು, ತಜ್ಞರ ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ಪತ್ರಿಕೆಗಳಿಗೆ ತಡೆಯಾಗಿ ಯುಜಿಸಿ ತಂದಿದ್ದ ಕೇರ್ ಪಟ್ಟಿ 2025ರಲ್ಲಿ ರದ್ದಾಯಿತು. ಪರೀಕ್ಷಿಸುವ ಹೊಣೆ ಈಗ ಸಂಸ್ಥೆ ಮತ್ತು ಸಂಶೋಧಕರ ಮೇಲಿದೆ. ಸಂಪಾದಕ ಮಂಡಳಿಯವರು ನಿಜವಾಗಿ ಆ ಕ್ಷೇತ್ರದವರೇ, ಕಳುಹಿಸಿದ ವಾರದಲ್ಲೇ ಒಪ್ಪಿಗೆ ಬರುತ್ತದೆಯೇ ಎಂದು ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ದೊಡ್ಡ ಪತ್ರಿಕೆಯೂ ಎಡವಬಹುದು: ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿದ 1998ರ ಲೇಖನವನ್ನು ಲ್ಯಾನ್ಸೆಟ್ ಹಿಂತೆಗೆದುಕೊಂಡದ್ದು 2010ರಲ್ಲಿ.

ಹೊಸ ಲೇಖನಗಳ ಅಡಿಟಿಪ್ಪಣಿಯಲ್ಲಿ ಆಗಲೇ ಓದಿದ ಹೆಸರುಗಳೇ ಮರಳಿ ಬರತೊಡಗಿದಾಗ ಹುಡುಕಾಟವನ್ನು ನಿಲ್ಲಿಸಬಹುದು. ಯಾವ ಕೋಶದಲ್ಲಿ, ಯಾವ ಪದದಿಂದ, ಯಾವ ದಿನ ಹುಡುಕಿದ್ದು ಎಂಬುದನ್ನು ಬರೆದಿಟ್ಟಿದ್ದರೆ ಪ್ರಬಂಧ ಸಲ್ಲಿಸುವ ಮುನ್ನ ಅದೇ ಪದಗಳಿಂದ ಮತ್ತೊಮ್ಮೆ ಹುಡುಕಿ, ನಡುವೆ ಬಂದ ಹೊಸ ಲೇಖನಗಳನ್ನು ಸೇರಿಸಿ, ಹಿಂತೆಗೆದವನ್ನು ತೆಗೆದುಹಾಕಲು ಸಾಧ್ಯ.