ಇಪ್ಪತ್ತು ನಿಮಿಷದ ದಾರಿ

ನಾವು ನಾಸಿಕದಲ್ಲಿ ಹೋಟೆಲು ನಡೆಸುತ್ತಿದ್ದ ಕೊನೆಯ ವರ್ಷದ ಸಂಗತಿ. ಕುಂದಾಪುರದ ಕಡೆಯ ಮಾಣಿಯೊಬ್ಬನು ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ ಗಲ್ಲದ ಬಳಿಗೆ ಬಂದು, “ಯಜಮಾನರೇ, ಸಂಭಾಜಿನಗರದಲ್ಲಿ ಅಣ್ಣನಿಗೆ ಲಾರಿ ಬಡಿದಿದೆಯಂತೆ” ಎಂದನು. ಅಣ್ಣನು ಅಲ್ಲಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿದ್ದನು. ರಜೆಯನ್ನೂ ಕೈಗೆ ಹಣವನ್ನೂ ಕೊಟ್ಟು ಕಳುಹಿಸಿದೆವು. ಹೇಗೆ ಹೋಗುವೆ ಎಂದು ಮಾತ್ರ ಕೇಳಲಿಲ್ಲ.

ಅವನ ಫೋನಿನಲ್ಲಿ ಎರಡು ವಿಮಾನ ನಿಲ್ದಾಣಗಳ ನಡುವೆ ಒಂದು ಗೆರೆ, ಅದರ ಕೆಳಗೆ “ಹಾರಾಟದ ಅವಧಿ ಇಪ್ಪತ್ತು ನಿಮಿಷ” ಎಂಬ ಬರಹ ಕಂಡಿತ್ತು. ಅದನ್ನು ನಂಬಿ ರಿಕ್ಷಾ ಹಿಡಿದು ಊರಿನಿಂದ 20 ಕಿಲೋಮೀಟರ್ ದೂರದ ಓಝರಿಗೆ ಹೋದನು. ಅಲ್ಲಿಂದ ಸಂಭಾಜಿನಗರಕ್ಕೆ ವಿಮಾನವೇ ಇಲ್ಲವೆಂದು ತಿಳಿದು, ಮರಳಿ ನಾಸಿಕ್ ರೋಡ್ ಸ್ಟೇಷನ್ನಿಗೆ ಬರುವಷ್ಟರಲ್ಲಿ ಅವನಿಗೆ ಸಿಗಬಹುದಾಗಿದ್ದ ಗಾಡಿ ಹೊರಟುಹೋಗಿತ್ತು.

ಆ ಇಪ್ಪತ್ತು ನಿಮಿಷ ಸುಳ್ಳೂ ಅಲ್ಲ. ಓಝರಿನಿಂದ ಸಂಭಾಜಿನಗರದ ಚಿಕಲ್‌ಠಾಣಾ ನಿಲ್ದಾಣಕ್ಕೆ ಭೂಮಿಯ ದುಂಡನ್ನು ಅನುಸರಿಸಿ ನೇರ ಗೆರೆ ಎಳೆದರೆ ಸುಮಾರು 158 ಕಿಲೋಮೀಟರ್. ಗಂಟೆಗೆ 500 ಕಿಲೋಮೀಟರ್ ಹಾರುವ ಪಂಖದ ವಿಮಾನದ ವೇಗದಿಂದ ಭಾಗಿಸಿದರೆ 19 ನಿಮಿಷ. ಏರುವುದಕ್ಕೂ ಇಳಿಯುವುದಕ್ಕೂ ಬೇಕಾದ ಹೊತ್ತನ್ನು ಸೇರಿಸಿದರೆ ಮುಕ್ಕಾಲು ಗಂಟೆಯಾದೀತು. ಇದು ಶಾಲೆಯ ಭಾಗಾಕಾರದ ಲೆಕ್ಕ. ಯಂತ್ರವು ಲೋಕದ ಯಾವ ಎರಡು ನಿಲ್ದಾಣಗಳಿಗೂ ಹೀಗೆಯೇ ಉತ್ತರ ಕೊಡುತ್ತದೆ. ಆ ದಾರಿಯಲ್ಲಿ ವಿಮಾನ ಹಾರುತ್ತದೆಯೇ ಎಂಬುದು ಅದಕ್ಕೆ ಸಂಬಂಧಿಸಿದ ವಿಷಯವಲ್ಲ.

ಓಝರ್ ಮೂಲತಃ ಪ್ರಯಾಣಿಕರಿಗಾಗಿ ಆದ ನಿಲ್ದಾಣವೂ ಅಲ್ಲ. ನಮ್ಮ ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿದ ಹಿಂದೂಸ್ತಾನ್ ಸಂಸ್ಥೆಯು ಮಿಗ್ ಯುದ್ಧವಿಮಾನಗಳನ್ನು ಕಟ್ಟಲು 1964ರಲ್ಲಿ ಅಲ್ಲಿ ಕಾರ್ಖಾನೆ ತೆರೆಯಿತು. ಪ್ರಯಾಣಿಕರ ಕಟ್ಟಡ ಬಂದುದು 2014ರಲ್ಲಿ. ಗೆರೆಯಿದ್ದಲ್ಲಿ ವಿಮಾನವೂ ಹಾರಿದ ನಿದರ್ಶನ ಇಲ್ಲಿಯೇ ಉಂಟು: 2021ರ ಜನವರಿಯಲ್ಲಿ ಓಝರಿನಿಂದ ಬೆಳಗಾವಿಯ ಸಾಂಬ್ರಾಕ್ಕೆ ವಿಮಾನ ಆರಂಭವಾಯಿತು. ದೂರ ಸುಮಾರು 475 ಕಿಲೋಮೀಟರ್, ಸಂಭಾಜಿನಗರದ ಮೂರು ಪಟ್ಟು. ಹತ್ತಿರದ ಊರಿಗೆ ವಿಮಾನವಿಲ್ಲ, ದೂರದ ಊರಿಗೆ ಬಂತು! ಇದರಲ್ಲಿ ವಿಚಿತ್ರವೇನಿಲ್ಲ. ರೈಲು ಮೂರು ಮೂರೂವರೆ ಗಂಟೆಯಲ್ಲಿ ಮುಟ್ಟಿಸುವ ಊರಿಗೆ ವಿಮಾನದ ದರ ಕೊಡುವವರು ಎಷ್ಟು ಮಂದಿ?

ಈ ಗೆರೆಗೆ ಸುಮಾರು 40 ಕಿಲೋಮೀಟರ್ ಉತ್ತರದಲ್ಲಿ, ವೇರೂಳದ ಗುಹೆಗಳ ಆಚೆ, ‘ಕನ್ನಡ’ ಎಂಬ ಹೆಸರಿನದೇ ತಾಲೂಕು ಪಟ್ಟಣವಿದೆ. ಅಲ್ಲಿ ಆಡುವುದು ಮರಾಠಿ. ಹೊಸಬರು ಬಸ್ಸಿನ ಫಲಕ ನೋಡಿ ಹಿಗ್ಗುವುದನ್ನು ನಾವು ಕಂಡಿದ್ದೇವೆ.

ನಾಸಿಕ್ ರೋಡಿನಿಂದ ಮನಮಾಡದ ಮೇಲೆ ಸಂಭಾಜಿನಗರಕ್ಕೆ ರೈಲುಹಾದಿ ಸುಮಾರು 186 ಕಿಲೋಮೀಟರ್. ತಪೋವನ, ದೇವಗಿರಿ ಗಾಡಿಗಳು ನೇರವಾಗಿ ಹೋಗುತ್ತವೆ. ನೇರ ಗಾಡಿ ತಪ್ಪಿದರೆ ಮನಮಾಡಿನಲ್ಲಿ ಬದಲಿಸಬಹುದು, ಬಸ್ಸೂ ಉಂಟು. ಮಾಣಿಗೆ ಅಂದು ಇದನ್ನು ಹೇಳಲು ಒಂದು ನಿಮಿಷ ಸಾಕಾಗಿತ್ತು. ಗಿರಾಕಿಗಳ ಚಿಲ್ಲರೆ ಎಣಿಸುತ್ತಿದ್ದ ನಮಗೆ ಅದು ತೋಚಲಿಲ್ಲ.

ಅವನು ಆಸ್ಪತ್ರೆ ಸೇರಿದಾಗ ಬೆಳಗಾಗಿತ್ತು. ಅಣ್ಣನ ಜೀವ ಉಳಿದಿತ್ತು, ಬಲಗಾಲು ಉಳಿದಿರಲಿಲ್ಲ. ಒಪ್ಪಿಗೆಯ ಕಾಗದಕ್ಕೆ ರಾತ್ರಿ ಸಹಿ ಹಾಕಿದವನು ಕ್ಯಾಂಟೀನಿನ ಅಡಿಗೆಯವನು.