ನಿಧಾನಿಸಿದರೆ ಸುಡುವ ಯಂತ್ರ

ಪುಣೆಯ ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಬೆನ್ನಿಗಿರುವ ಕಿರುಜಾಗಕ್ಕೆ ‘ಡ್ರೈ ಬಾಲ್ಕನಿ’ ಎಂದು ಹೆಸರು. ವಾಷಿಂಗ್ ಮಷೀನು, ಗ್ಯಾಸ್ ಸಿಲಿಂಡರು, ರದ್ದಿ ಪೇಪರಿನ ಕಟ್ಟು ಎಲ್ಲಕ್ಕೂ ಅದೇ ನೆಲೆ. ಮರಗೆತ್ತನೆಯ ಹುಚ್ಚು ಹತ್ತಿದವರ ಮನೆಯಲ್ಲಿ ಆ ಮೂಲೆಗೆ ಇನ್ನೊಂದು ಯಂತ್ರ ಬಂದು ಸೇರುತ್ತದೆ. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡಾಡುತ್ತ ಮರ ಕೆತ್ತುವ ಪುಟ್ಟ ಸಿಎನ್‌ಸಿ ಅದು. ಹವ್ಯಾಸಿಗಳು ಸಾಮಾನ್ಯವಾಗಿ ಮೊದಲು ಕೊಳ್ಳುವುದು ‘3018’ ಎಂಬ ಮಾದರಿಯನ್ನು. 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲದ ಹಲಗೆ ಅದರ ಅಖಾಡ, ಹೆಸರಿನ ಗುಟ್ಟೂ ಅಷ್ಟೇ. ಸದ್ದಿಗೆ ನೆರೆಯವರು ಸಿಟ್ಟಾದಾರೆಂದು ಅದಕ್ಕೊಂದು ಪ್ಲೈವುಡ್ ಗೂಡು ಕಟ್ಟುತ್ತಾರೆ. ತೊಂದರೆ ಶುರುವಾಗುವುದೇ ಆ ಗೂಡಿನೊಳಗೆ.

2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಅಲಂಕಾರದ ಥರ್ಮೊಕೋಲನ್ನೂ ನಿಷೇಧಿಸಿತು. ಹೀಗಾಗಿ ಗಣಪತಿ ಕೂರಿಸುವ ಮಖರಕ್ಕೆ, ಅಂದರೆ ಅಲಂಕಾರದ ಮಂಟಪಕ್ಕೆ, ಮರ, ಎಂಡಿಎಫ್ ಹಲಗೆ, ರಟ್ಟು ಬೇಕಾದವು. ಅಂಥ ಮಖರಕ್ಕೆಂದು ಅಂಗೈ ಅಗಲದ ಉಬ್ಬುಗಣಪನನ್ನು ನಯವಾಗಿ ಕೆತ್ತಲು ಈ ಪುಟ್ಟ ಯಂತ್ರಕ್ಕೆ ಹಲವು ಗಂಟೆಗಳು ಹಿಡಿಯುತ್ತವೆ. ಮೂರನೆಯ ಗಂಟೆಗೆ ಸುಟ್ಟ ವಾಸನೆ ಬರುತ್ತದೆ. ಐದನೆಯ ಗಂಟೆಗೆ ನೋಡಿದರೆ ಸೊಂಡಿಲು ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ. ‘ಬಿಸಿಯಾಗಿದೆ, ಒಂದು ಫ್ಯಾನ್ ಹಾಕು’ ಎಂಬ ಸಲಹೆ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಬಿಸಿಯಾದದ್ದು ಯಾವುದು ಎಂದು ಕೇಳುವವರು ಕಡಿಮೆ.

ಸುಟ್ಟ ವಾಸನೆಯ ಮೂಲ ಹೆಚ್ಚಾಗಿ ಮರ ಕೆತ್ತುವ ಬಿಟ್ಟಿನ ತುದಿಯಲ್ಲಿರುತ್ತದೆ, ಅದಕ್ಕೆ ಕಾರಣ ಕೆತ್ತುವವರ ಅಂಜಿಕೆ. ಬಿಟ್ ಮುರಿದೀತೆಂಬ ಭಯಕ್ಕೆ ಹೊಸಬರು ಯಂತ್ರವನ್ನು ನಿಧಾನವಾಗಿ ಓಡಿಸುತ್ತಾರೆ. ನಿಧಾನವೇ ಪ್ರಧಾನ ಎಂಬ ಮಾತು ಇಲ್ಲಿ ಕೈಕೊಡುತ್ತದೆ. ಲೆಕ್ಕ ಸುಲಭ. ಬಿಟ್ಟನ್ನು ತಿರುಗಿಸುವ ಸ್ಪಿಂಡಲ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆ, ಬಿಟ್ಟಿಗೆ ಎರಡು ಅಲಗು ಎಂದುಕೊಳ್ಳಿ. ನಿಮಿಷಕ್ಕೆ 20,000 ಸಲ ಅಲಗು ಮರವನ್ನು ಮುಟ್ಟುತ್ತದೆ. ಯಂತ್ರ ಅದೇ ನಿಮಿಷದಲ್ಲಿ 300 ಮಿಲಿಮೀಟರ್ ಮಾತ್ರ ಮುಂದೆ ಸರಿದರೆ ಒಂದೊಂದು ಅಲಗಿನ ಪಾಲಿಗೆ ಬರುವ ಮರ 0.015 ಮಿಲಿಮೀಟರ್. ತಲೆಗೂದಲಿನ ದಪ್ಪದ ಐದನೆಯ ಒಂದು ಭಾಗದಷ್ಟೂ ಸಿಗದಾಗ ಅಲಗು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ವೇಗವನ್ನು 800ಕ್ಕೆ ಏರಿಸಿ ನೋಡಿ, ಪಾಲು 0.04 ಆಗುತ್ತದೆ. ಯಂತ್ರ ನಡುಗಿದರೆ ಒಂದು ಸಲಕ್ಕೆ ಇಳಿಯುವ ಆಳವನ್ನು ತಗ್ಗಿಸಬೇಕು, ಇಲ್ಲವೇ ಸ್ಪಿಂಡಲಿನ ಸುತ್ತು ಇಳಿಸಬೇಕು. ಮುಂದೆ ಸರಿಯುವ ವೇಗಕ್ಕೆ ಕೈ ಹಚ್ಚುವುದು ಕೊನೆಗೆ.

ಮರ ಶಾಖವನ್ನು ಹೀರಿಕೊಂಡು ಸಾಗಿಸುವ ವಸ್ತುವಲ್ಲ. ಹುಟ್ಟಿದ ಶಾಖ ಹೊರಬೀಳಲು ಕತ್ತರಿಸಿದ ಚಕ್ಕೆಯೇ ವಾಹನ. ಚಕ್ಕೆ ದಪ್ಪಗಿದ್ದಷ್ಟೂ ಬಿಸಿ ಅದರ ಜೊತೆ ಹಾರಿಹೋಗುತ್ತದೆ. ಬರೀ ಹುಡಿ ಏಳುತ್ತಿದ್ದರೆ ಬಿಸಿ ಅಲಗಿನಲ್ಲೇ ಉಳಿಯುತ್ತದೆ. ಅದಕ್ಕೇ ಅನುಭವಿಗಳು ಥರ್ಮಾಮೀಟರಿಗಿಂತ ಮೊದಲು ಹೊಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಹೊಟ್ಟನ್ನು ಮೇಲಕ್ಕೆತ್ತುವ ಬಿಟ್ ಇದೆ, ಕೆಳಕ್ಕೊತ್ತುವ ಬಿಟ್ಟೂ ಇದೆ. ಎರಡನೆಯದು ಹಲಗೆಯ ಮೇಲಂಚನ್ನು ಚೆಂದ ಬಿಡಿಸಿದರೂ ಆಳದ ತೋಡಿನಲ್ಲಿ ಹೊಟ್ಟನ್ನು ಜಡಿದು ತುಂಬುತ್ತದೆ, ಅದನ್ನೇ ಮತ್ತೆ ಮತ್ತೆ ಅರೆಯುತ್ತದೆ. ಸಾಗುವಾನಿಯಲ್ಲಿ ಸಿಲಿಕಾ ಅಂಶವಿದೆ, ಅಲಗು ಬೇಗ ಮೊಂಡಾಗುತ್ತದೆ. ಎಂಡಿಎಫ್ ಹಲಗೆಯ ಅಂಟಿನದೂ ಅದೇ ಕಥೆ. ಮೊಂಡು ಬಿಟ್ಟಿಗೆ ಯಾವ ಫ್ಯಾನ್ ಹಾಕಿಯೂ ಪ್ರಯೋಜನವಿಲ್ಲ.

ಚನ್ನಪಟ್ಟಣದ ಬೊಂಬೆ ಕುಶಲಕರ್ಮಿ ಈ ಮಾತು ಕೇಳಿದರೆ ನಕ್ಕಾನು. ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿ ಒತ್ತಿ ಹಿಡಿದು, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುವಂತೆ ಮಾಡುವುದು ಅವನ ಕಸುಬು. ಉಜ್ಜಿದರೆ ಬಿಸಿ ಹುಟ್ಟುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಯಾರು?

ಇನ್ನು ಸರಿದ ಸೊಂಡಿಲು. ಅದರ ಕಾರಣ ಎಷ್ಟೋ ಸಲ ಒಂದು ಬೆರಳುಗುರಿನಷ್ಟು ಚಿಪ್ಪಿನಲ್ಲಿ ಅಡಗಿರುತ್ತದೆ. ಯಂತ್ರವನ್ನು ಅತ್ತಿತ್ತ ಸರಿಸುವ ಸ್ಟೆಪ್ಪರ್ ಮೋಟಾರುಗಳಿಗೆ ಕರೆಂಟ್ ಅಳೆದು ಕೊಡುವ ಡ್ರೈವರ್ ಅದು. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎ4988. ಒಳಗಿನ ಶಾಖ ಸುಮಾರು 165 ಡಿಗ್ರಿ ಮುಟ್ಟಿದರೆ ಚಿಪ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುತ್ತದೆ. ಆ ಕ್ಷಣದಲ್ಲಿ ತಪ್ಪಿದ ಹೆಜ್ಜೆಗಳ ಲೆಕ್ಕ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಇದಕ್ಕೆ ಮದ್ದು ಹೀಟ್ ಸಿಂಕ್, ಅದರ ಮೇಲೊಂದು ಪುಟ್ಟ ಫ್ಯಾನ್, ಎಲ್ಲಕ್ಕಿಂತ ಮೊದಲು ಕರೆಂಟಿನ ಮಿತಿ. ಬೋರ್ಡಿನ ಸಣ್ಣ ತಿರುಪನ್ನು ಸರಿಸಿ ಮಲ್ಟಿಮೀಟರಿನಲ್ಲಿ ವೋಲ್ಟೇಜ್ ನೋಡಬೇಕು. ಕರೆಂಟ್ ಅಳೆಯುವ ಸೆನ್ಸ್ ರೆಸಿಸ್ಟರ್ 0.1 ಓಮ್ ಇದ್ದು ಮೋಟಾರಿಗೆ ಒಂದು ಆಂಪಿಯರ್ ಸಾಕೆಂದರೆ ಮೀಟರಿನಲ್ಲಿ 0.8 ವೋಲ್ಟ್ ಕಾಣಬೇಕು. ಪುಣೆಯ ಬುಧವಾರ ಪೇಠೆಯ ತಪ್ಕೀರ್ ಗಲ್ಲಿಯ ಎಲೆಕ್ಟ್ರಾನಿಕ್ಸ್ ಅಂಗಡಿಸಾಲಿನಲ್ಲಿ ಫ್ಯಾನೂ ಮೀಟರೂ ಕೈಗೆಟಕುವ ಬೆಲೆಗೆ ಸಿಗುತ್ತವೆ.

ಮೋಟಾರೇ ಕೈ ಇಡಲಾಗದಷ್ಟು ಬಿಸಿಯಾದರೆ ಹೊಸಬರು ಗಾಬರಿಬೀಳುತ್ತಾರೆ. ಅಷ್ಟು ಅಂಜಬೇಕಾಗಿಲ್ಲ. ಸ್ಟೆಪ್ಪರ್ ಮೋಟಾರಿನ ಮೈ 70–80 ಡಿಗ್ರಿ ಮುಟ್ಟುವುದು ಅದರ ಜಾಯಮಾನ. ಆದರೆ ಅದನ್ನು ಹಿಡಿದಿರುವ ಪಟ್ಟಿ 3ಡಿ ಪ್ರಿಂಟ್ ಮಾಡಿದ ಪಿಎಲ್ಎ ಪ್ಲಾಸ್ಟಿಕ್ ಆಗಿದ್ದರೆ 60ರ ಸುಮಾರಿಗೇ ಮೆತ್ತಗಾಗಿ ಬಾಗುತ್ತದೆ.

ಸ್ಪಿಂಡಲನ್ನು ತಣಿಸುವ ವಿದ್ಯೆಯನ್ನು ಕನ್ನಡದ ರೈತನಿಗೆ ಹೊಸದಾಗಿ ಕಲಿಸಬೇಕಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯ ಖಡಕಿಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ ಆರಂಭಿಸಿತು. ಗಾಳಿಯಲ್ಲಿ ತಣಿಯುವ ಎಂಜಿನ್ ಬೇರೆ, ನೀರಿನಲ್ಲಿ ತಣಿಯುವುದು ಬೇರೆ ಎಂದು ಅಂಥ ಎಂಜಿನ್ನಿನ ಪಂಪ್‌ಸೆಟ್ ಇಟ್ಟವರೆಲ್ಲ ಬಲ್ಲರು. ಸ್ಪಿಂಡಲಿನಲ್ಲೂ ಇದೇ ಎರಡು ಜಾತಿ. ಗಾಳಿಯ ಸ್ಪಿಂಡಲುಗಳಲ್ಲಿ ಅನೇಕಕ್ಕೆ ಫ್ಯಾನು ಮೋಟಾರಿನ ದಂಡಕ್ಕೇ ಕೂತಿರುತ್ತದೆ. ಸುತ್ತು ಇಳಿಸಿದರೆ ಗಾಳಿಯೂ ಇಳಿಯುತ್ತದೆ. ಬಿಟ್ಟಿನ ಹಿತಕ್ಕೆ ಸುತ್ತು ಇಳಿಸಲು ಹೋದವರು ಮೋಟಾರನ್ನು ಬೇಯಿಸುವುದು ಹೀಗೆ. 3018ರ ಪುಟ್ಟ 775 ಮೋಟಾರಿನ ಗಾಳಿಕಿಂಡಿಗಳಿಗೆ ಮರದ ಹುಡಿ ನುಗ್ಗುವುದು ಇನ್ನೊಂದು ಪೀಡೆ; ವಾರಕ್ಕೊಮ್ಮೆ ಊದಿ ತೆಗೆಯಬೇಕು.

ದೊಡ್ಡ ಸ್ಪಿಂಡಲಿಗೆ ಬಕೆಟ್ ನೀರು, ಅಕ್ವೇರಿಯಂ ಪಂಪು ಜೋಡಿಸುವವರು ನೀರಿನ ಲೆಕ್ಕ ಹಾಕಬೇಕು. ಸ್ಪಿಂಡಲಿನಿಂದ 300 ವಾಟ್ ಶಾಖ ನೀರಿಗೆ ಇಳಿದರೆ, ಬಕೆಟ್ಟಿನಿಂದ ಏನೂ ಹೊರಹೋಗದಿದ್ದಲ್ಲಿ, 15 ಲೀಟರ್ ನೀರು ಗಂಟೆಗೆ 17 ಡಿಗ್ರಿ ಏರುತ್ತದೆ. ಏಪ್ರಿಲ್‌ನ ಒಣಗಾಳಿಯಲ್ಲಿ ತೆರೆದ ಬಕೆಟ್ ಆವಿಯಾಗಿ ತುಸು ತಣಿದೀತು, ಶ್ರಾವಣದಲ್ಲಿ ಆ ಭಾಗ್ಯವಿಲ್ಲ. ಹಾಗೆಂದು ಐಸ್ ಹಾಕುವುದು ಜಾಣತನವಲ್ಲ. ಮಳೆಗಾಲದ ತೇವದ ಗಾಳಿ ತಣ್ಣನೆಯ ಸ್ಪಿಂಡಲಿಗೆ ತಾಗಿ ಒಳಗೆ ಹನಿಗಟ್ಟುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಬೋರ್‌ವೆಲ್ ನೀರೂ ಬೇಡ, ಸ್ಪಿಂಡಲಿನ ಸಣ್ಣ ಕಾಲುವೆಗಳಲ್ಲಿ ಉಪ್ಪು ಕಟ್ಟುತ್ತದೆ.

ನೀರಿನಂತೆ ಊರಿನ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದಿತು; ಶಿವಾಜಿನಗರದ ಆ ಕಟ್ಟಡವನ್ನು ಜನ ಇಂದಿಗೂ ಶಿಮ್ಲಾ ಆಫೀಸ್ ಎನ್ನುತ್ತಾರೆ. ಹೆಸರು ತಂಪು, ಊರು ಹಾಗಲ್ಲ. 2019ರ ಏಪ್ರಿಲ್ ಕೊನೆಯಲ್ಲಿ ಪುಣೆಯ ಬಿಸಿಲು 43 ಡಿಗ್ರಿ ಮುಟ್ಟಿತ್ತು. ಅಂಥ ದಿನ ಮುಚ್ಚಿದ ಪ್ಲೈವುಡ್ ಗೂಡಿನೊಳಗೆ 50 ದಾಟುವುದು ಕಷ್ಟವೇನಲ್ಲ. ಅನೇಕ ಪವರ್ ಸಪ್ಲೈಗಳು ಪೂರ್ತಿ ಶಕ್ತಿ ಕೊಡುವುದು ಆ ಮಿತಿಯವರೆಗೆ ಮಾತ್ರ. ಆದ್ದರಿಂದ ಪವರ್ ಸಪ್ಲೈ, ಡ್ರೈವರ್ ಬೋರ್ಡು ಎರಡನ್ನೂ ಗೂಡಿನ ಹೊರಗೆ, ಹುಡಿ ತಾಗದಲ್ಲಿ ಇಡಬೇಕು. ಗೂಡಿಗೆ ಕೆಳಗಿನಿಂದ ಗಾಳಿ ಬರಲೊಂದು ದಾರಿ, ಮೇಲಿನಿಂದ ಹೋಗಲೊಂದು ದಾರಿ ಬೇಕು. ದೀರ್ಘ ಕೆತ್ತನೆಯನ್ನು ನಸುಕಿನಲ್ಲೇ ಶುರುಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಇಂಥ ಯಂತ್ರಗಳು ಈ ಸೀಮೆಗೆ ಅಪರಿಚಿತವೂ ಅಲ್ಲ. ಪುಣೆ ಜಿಲ್ಲೆಯ ಶಿರೂರು ತಾಲೂಕಿನ ಪಾಬಳ ಬರಪೀಡಿತ ಹಳ್ಳಿ. ಅಲ್ಲಿ ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ಕಟ್ಟಿದ ವಿಜ್ಞಾನ ಆಶ್ರಮದಲ್ಲಿ 2002ರಲ್ಲೇ ಅಮೆರಿಕದ ಎಂಐಟಿಯ ನೆರವಿನಿಂದ ಫ್ಯಾಬ್ ಲ್ಯಾಬ್ ಎಂಬ ತಯಾರಿಕಾ ಪ್ರಯೋಗಾಲಯ ಬಂದಿತು. ಎಂಐಟಿಯ ಹೊರಗೆ ತೆರೆದ ಮೊದಮೊದಲ ಫ್ಯಾಬ್ ಲ್ಯಾಬುಗಳಲ್ಲಿ ಅದೂ ಒಂದು. ಕಂಪ್ಯೂಟರಿನ ಮಾತು ಕೇಳುವ ಯಂತ್ರಗಳನ್ನು ಹಳ್ಳಿಯ ಹುಡುಗರು ಅಲ್ಲಿ ಕೈಯಾರೆ ಮುಟ್ಟಿ ಕಲಿತರು.

ಒಂದು ಅಪಾಯ ಮಾತ್ರ ಫ್ಯಾನಿಗೂ ಬಗ್ಗದು. ಉಜ್ಜಿ ಕೆಂಪಾದ ಒಂದು ಕಿಡಿ ವ್ಯಾಕ್ಯೂಮ್ ಕೊಳವೆಯಲ್ಲಿ ಹೋಗಿ ಹೊಟ್ಟಿನ ಡಬ್ಬಿ ಸೇರಿದರೆ ಗಾಳಿಯೂ ಸಿಕ್ಕು ಒಳಗೊಳಗೇ ಹೊಗೆಯಾಡುತ್ತದೆ, ಯಂತ್ರ ನಿಂತು ಅರ್ಧ ಗಂಟೆಯಾದ ಮೇಲೆ ಉರಿ ಕಾಣಬಹುದು. ಪ್ಲಾಸ್ಟಿಕ್ ಡಬ್ಬಿಯ ಬದಲು ಮುಚ್ಚಳವಿರುವ ತಗಡಿನ ಡಬ್ಬಿ ಇಡುವುದು, ಕೆಲಸ ಮುಗಿದೊಡನೆ ಅದನ್ನು ಮನೆಯ ಹೊರಗೆ ಸಾಗಿಸುವುದು ಅದಕ್ಕೇ. ಡ್ರೈ ಬಾಲ್ಕನಿಯಲ್ಲಿ ಯಂತ್ರ ಹೂಡುವವರು ಗೂಡು ಕಟ್ಟುವ ಮೊದಲೇ ಗ್ಯಾಸ್ ಸಿಲಿಂಡರಿಗೆ ಬೇರೆ ಜಾಗ ಹುಡುಕಬೇಕು.