ನೆರೆಯವರ ನುಡಿ ಕಲಿಸುವ ವಿಯಾದ್ರಿನಾ

ಜರ್ಮನಿಯಲ್ಲಿ ಎರಡು ಫ್ರಾಂಕ್‌ಫರ್ಟ್‌ಗಳಿವೆ. ವಿಮಾನ ನಿಲ್ದಾಣದಿಂದ, ಪುಸ್ತಕ ಮೇಳದಿಂದ ನಮಗೆ ಗೊತ್ತಿರುವುದು ಮಾಯಿನ್ ನದಿಯ ದಡದ್ದು. ಇನ್ನೊಂದು, ದೇಶದ ಪೂರ್ವದ ಅಂಚಿನಲ್ಲಿ ಓಡರ್ ನದಿಯ ದಡದಲ್ಲಿದೆ. ಅಲ್ಲಿನ ಸೇತುವೆ ದಾಟಿದರೆ ಪೋಲೆಂಡಿನ ಸ್ವುಬಿತ್ಸೆ. ಈ ಗಡಿಯೂರಿನ ವಿಯಾದ್ರಿನಾ ವಿಶ್ವವಿದ್ಯಾಲಯ ಯುರೋಪಿನ ಸಂಸ್ಕೃತಿ, ಚರಿತ್ರೆ, ಭಾಷೆಗಳ ಕಲಿಕೆಗೆ ಹೆಸರಾದದ್ದು. ಅದು ಪೋಲೆಂಡಿನ ಪೊಜ್ನಾನ್‌ನ ವಿಶ್ವವಿದ್ಯಾಲಯದೊಡನೆ ಸೇರಿ ನಡೆಸುವ 'ಕೊಲೆಗಿಯಂ ಪೊಲೊನಿಕುಂ' ಎಂಬ ಅಧ್ಯಯನ ಕೇಂದ್ರ ಇರುವುದು ನದಿಯಾಚೆ, ಸ್ವುಬಿತ್ಸೆಯಲ್ಲಿ. ಕಾರ್ಲ್ ಡೆಡೆಟ್ಸಿಯಸ್ ಎಂಬ ಅನುವಾದಕರ ಕಾಗದಪತ್ರಗಳನ್ನು ಕಾಪಾಡಿಟ್ಟಿರುವುದೂ ಅಲ್ಲೇ. ಇಂಥದೊಂದು ವಿಶ್ವವಿದ್ಯಾಲಯ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಡೆಡೆಟ್ಸಿಯಸ್ ಅವರ ಬದುಕನ್ನೇ ಹೇಳುತ್ತೇನೆ.

ಹಗಲು ವಿಮೆ, ಸಂಜೆ ಕವಿತೆ

ಡೆಡೆಟ್ಸಿಯಸ್ ಹುಟ್ಟಿದ್ದು 1921ರಲ್ಲಿ, ಪೋಲೆಂಡಿನ ವುಚ್ ನಗರದಲ್ಲಿ. ಬಟ್ಟೆ ಗಿರಣಿಗಳ ಆ ಊರಿನಲ್ಲಿ ಪೋಲಿಷರು, ಜರ್ಮನರು, ಯಹೂದಿಗಳು ಅಕ್ಕಪಕ್ಕದಲ್ಲೇ ಬಾಳುತ್ತಿದ್ದರು. ಡೆಡೆಟ್ಸಿಯಸ್ ಅವರ ತಂದೆತಾಯಿ ಜರ್ಮನರು. ಓದಿದ್ದು ಪೋಲಿಷ್ ಶಾಲೆಯಲ್ಲಿ. 1939ರಲ್ಲಿ ಶಾಲೆ ಮುಗಿಯಿತು, ಯುದ್ಧ ಶುರುವಾಯಿತು. ಜರ್ಮನ್ ಸೇನೆಗೆ ಸೇರಬೇಕಾಗಿ ಬಂದು, ಸ್ಟಾಲಿನ್‌ಗ್ರಾಡಿನಲ್ಲಿ ಸೆರೆಸಿಕ್ಕಿ, ಸೋವಿಯತ್ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದರು. ಆ ಸೆರೆಯಲ್ಲೇ ರಷ್ಯನ್ ಕಲಿತರು, ಲೆರ್ಮೊಂತೊವ್‌ನ ಕವಿತೆಗಳನ್ನು ಜರ್ಮನ್‌ಗೆ ತಿರುಗಿಸಿದರು.

ಬಿಡುಗಡೆಯಾದ ಮೇಲೆ ಪಶ್ಚಿಮ ಜರ್ಮನಿ ಸೇರಿ ವಿಮಾ ಕಂಪನಿಯೊಂದರಲ್ಲಿ ಕೆಲಸಕ್ಕೆ ನಿಂತರು. ಸುಮಾರು ಕಾಲು ಶತಮಾನ ಅದೇ ನೌಕರಿ. ಅನುವಾದವೆಲ್ಲ ಕಚೇರಿ ಮುಗಿಸಿ ಬಂದ ಮೇಲೆ. 1959ರಲ್ಲಿ ಅವರ ಪೋಲಿಷ್ ಕವಿತೆಗಳ ಸಂಕಲನ ಜರ್ಮನ್‌ನಲ್ಲಿ ಬಂದಾಗ ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೂ ಇರಲಿಲ್ಲ. ರಾಯಭಾರಿಗಳಿಗಿಂತ ಮೊದಲು ಕವಿಗಳು ಗಡಿ ದಾಟಿದ್ದರು. ಮಿವೋಶ್, ಹೆರ್ಬೆರ್ಟ್, ರುಜೇವಿಚ್ ಎಲ್ಲರೂ ಅವರ ಕೈಯಿಂದ ಜರ್ಮನ್ ಓದುಗರನ್ನು ಮುಟ್ಟಿದರು. ಶಿಂಬೋರ್ಸ್ಕಾ ಅವರಿಗೆ 1996ರಲ್ಲಿ ನೊಬೆಲ್ ಬರುವ ಎರಡು ದಶಕ ಮೊದಲೇ ಆಕೆಯ ಕವಿತೆಗಳು ಜರ್ಮನ್‌ನಲ್ಲಿದ್ದವು. 1980ರಲ್ಲಿ ಡೆಡೆಟ್ಸಿಯಸ್ ಡಾರ್ಮ್‌ಸ್ಟಾಟ್‌ನಲ್ಲಿ ಪೋಲೆಂಡ್ ಅಧ್ಯಯನ ಸಂಸ್ಥೆ ಕಟ್ಟಿದರು. ಪೋಲಿಷ್ ಸಾಹಿತ್ಯದ 50 ಸಂಪುಟಗಳ ಮಾಲೆಯನ್ನು ಹೊರತಂದರು.

ಎರಡು ಸಲ ಹುಟ್ಟಿದ ವಿಶ್ವವಿದ್ಯಾಲಯ

ವಿಯಾದ್ರಿನಾ ಮೊದಲು ಸ್ಥಾಪನೆಯಾದದ್ದು 1506ರಲ್ಲಿ. 1678ರಲ್ಲಿ ಇಬ್ಬರು ಯಹೂದಿ ತರುಣರಿಗೆ ಇಲ್ಲಿ ವೈದ್ಯಶಾಸ್ತ್ರ ಕಲಿಯಲು ಪ್ರವೇಶ ಸಿಕ್ಕಿತು. ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಮುಂದೆ ದೊಡ್ಡ ವಿದ್ವಾಂಸರಾದ ಹಂಬೋಲ್ಟ್ ಸಹೋದರರೂ ಸ್ವಲ್ಪ ಕಾಲ ಇಲ್ಲಿ ಓದಿದರು. 1811ರಲ್ಲಿ ವಿಶ್ವವಿದ್ಯಾಲಯವನ್ನು ಬ್ರೆಸ್ಲಾವ್‌ಗೆ ಸಾಗಿಸಿದರು, ಇಲ್ಲಿ ಬಾಗಿಲು ಮುಚ್ಚಿತು. 1945ರವರೆಗೆ ಸ್ವುಬಿತ್ಸೆ ಫ್ರಾಂಕ್‌ಫರ್ಟಿನದೇ ಒಂದು ಬಡಾವಣೆಯಾಗಿತ್ತು. ಯುದ್ಧ ಮುಗಿದಾಗ ನದಿಯೇ ಗಡಿಯಾಯಿತು. ಆ ದಡದ ಜರ್ಮನರು ಹೊರಡಬೇಕಾಯಿತು, ಅವರ ಮನೆಗಳಿಗೆ ಪೋಲಿಷರು ಬಂದರು. ಎರಡು ಜರ್ಮನಿಗಳು ಒಂದಾದ ಮೇಲೆ, 1991ರಲ್ಲಿ, ವಿಯಾದ್ರಿನಾ ಮತ್ತೆ ತೆರೆಯಿತು. ಪೋಲಿಷರು ವೀಸಾ ಇಲ್ಲದೆ ಜರ್ಮನಿಗೆ ಬರತೊಡಗಿದ್ದೂ ಅದೇ ವರ್ಷ.

ಪಾಠದ ಬಗೆ

ಇಲ್ಲಿನ ಸಂಸ್ಕೃತಿ ಅಧ್ಯಯನದಲ್ಲಿ ಚರಿತ್ರೆ, ಸಾಹಿತ್ಯ, ಭಾಷಾಶಾಸ್ತ್ರ, ಸಮಾಜವಿಜ್ಞಾನ ಒಟ್ಟಿಗೆ ಸಾಗುತ್ತವೆ. ಒಂದೊಂದು ದೇಶವನ್ನು ಬಿಡಿಬಿಡಿಯಾಗಿ ಓದುವ ಬದಲು ಗಡಿ, ವಲಸೆ, ನೆನಪುಗಳಂಥ ವಿಷಯಗಳ ಮೂಲಕ ಯುರೋಪನ್ನು ನೋಡುತ್ತಾರೆ. ಭಾಷೆ ಬರೀ ಪೂರಕ ಪಾಠವಲ್ಲ. ಕಾನೂನು ವಿದ್ಯಾರ್ಥಿಗಳಿಗೆ ಜರ್ಮನ್–ಪೋಲಿಷ್ ಜೋಡಿ ವ್ಯಾಸಂಗವಿದೆ. ಎರಡೂ ದೇಶಗಳ ಕಾನೂನನ್ನು ಆಯಾ ಭಾಷೆಯಲ್ಲೇ ಕಲಿಯಬೇಕು.  ಭಾಷೆಯೊಂದನ್ನು ಮೈಗೂಡಿಸಿಕೊಳ್ಳದೆ ಸಂಸ್ಕೃತಿಯನ್ನು ಓದಿದರೆ ಅದು ಹೊರಗಿನ ನೋಟವಾಗಿಯೇ ಉಳಿಯುತ್ತದೆ.

ಕಷ್ಟವಿರುವುದು ಎಲ್ಲಿ?

ಜರ್ಮನ್ ಕಲಿಯುವ ಪೋಲಿಷರು ಬಹಳ. ಪೋಲಿಷ್ ಕಲಿಯುವ ಜರ್ಮನರು ಕಡಿಮೆ. ಶ್ರೀಮಂತ ನೆರೆಯವರ ಭಾಷೆಯಲ್ಲಿ ಕೆಲಸ ಸಿಗುತ್ತದೆ. ಬಡ ನೆರೆಯವರ ಭಾಷೆ ಕಲಿಯಲು ಮನಸ್ಸೇ ಕಾರಣವಾಗಬೇಕು. ಇನ್ನೊಂದು ಕಷ್ಟ ಗಡಿಯದೇ. 2007ರ ಕೊನೆಗೆ ಸೇತುವೆಯ ಮೇಲಿನ ತಪಾಸಣೆ ನಿಂತಾಗ ಎರಡೂ ಊರುಗಳಿಗೆ ಹೊಸ ಕಾಲ ಬಂದಂತಿತ್ತು. ಆದರೆ ವಲಸೆಯ ಭಯದಿಂದ 2023ರಲ್ಲಿ ಜರ್ಮನಿ, 2025ರಲ್ಲಿ ಪೋಲೆಂಡ್ ಗಡಿಯಲ್ಲಿ ಮತ್ತೆ ತಪಾಸಣೆ ಶುರುಮಾಡಿದವು. ಪಾಠದ ಕೋಣೆಯಲ್ಲಿ ಕಟ್ಟಿದ ನಂಬಿಕೆಯನ್ನು ಆಡಳಿತದ ಒಂದು ಆದೇಶ ಇಷ್ಟು ಸುಲಭವಾಗಿ ಅಲುಗಿಸಬಲ್ಲದು ಎಂಬುದು ನೋವಿನ ಸಂಗತಿ.

ಡೆಡೆಟ್ಸಿಯಸ್ 2016ರಲ್ಲಿ ತೀರಿಕೊಂಡರು. ಅವರಿಗೆ ಎರಡು ಭಾಷೆಗಳು ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ತಾವಾಗಿಯೇ ಒಲಿದಿದ್ದವು. ಅಂಥ ಬೀದಿಗಳನ್ನು ಯುದ್ಧ ಅಳಿಸಿಹಾಕಿತು. ಅವು ಪುಕ್ಕಟೆಯಾಗಿ ಕಲಿಸುತ್ತಿದ್ದುದನ್ನು ಈಗ ಪಠ್ಯಕ್ರಮ ಬರೆದು, ಅಧ್ಯಾಪಕರನ್ನು ನೇಮಿಸಿ, ಪರೀಕ್ಷೆ ಇಟ್ಟು ಕಲಿಸಬೇಕಾಗಿದೆ. ಹೀಗೆ ಕಲಿತದ್ದು ಅಷ್ಟು ಆಳಕ್ಕೆ ಇಳಿಯಲಾರದೇನೋ. ಆದರೂ ಕಳೆದುಕೊಂಡದ್ದನ್ನು ಮರಳಿ ಪಡೆಯಲು ಉಳಿದಿರುವ ದಾರಿ ಇದೊಂದೇ.